ಮಾವನ ಮಿಲ್ಲು, ಕಾಕಾನ ಕಿರ್ದಿ ಮತ್ತು ಒಂದು ಮೋಡ

ಊರಿನಲ್ಲಿ ನಾನು ‘ಕಂಪ್ಯೂಟರ್ ಹುಡುಗ’. ಇಂಜಿನಿಯರಿಂಗ್ ಮುಗಿಸಿ ಆರು ವರ್ಷದಿಂದ ಬೆಂಗಳೂರಿನಲ್ಲಿ ಕೋಡ್ ಕುಟ್ಟುತ್ತಿದ್ದೇನೆ. ಯಾವ ಕೋಡು, ಯಾರಿಗೆ ಅಂತ ಊರಲ್ಲಿ ಯಾರೂ ಕೇಳುವುದಿಲ್ಲ. ಪ್ರಿಂಟರ್ ಕೈ ಕೊಟ್ಟರೆ, ಆಧಾರ್‌ಗೆ ಮೊಬೈಲ್ ನಂಬರ್ ಕೂಡದಿದ್ದರೆ, ಟಿವಿಯಲ್ಲಿ ಚಿತ್ರ ಬಂದು ಮಾತು ಬರದಿದ್ದರೆ ಫೋನ್ ಮಾತ್ರ ನನಗೇ. ನೀವೂ ಐಟಿಯವರಾಗಿದ್ದರೆ ಈ ಪಾಡು ನಿಮಗೆ ಹೊಸದೇನಲ್ಲ ಬಿಡಿ :-)

ಈ ಸಲ ಗಂಗಾವತಿಯ ಸೋದರಮಾವ ಕೇಳಿದ್ದು ಮಾತ್ರ ನನ್ನ ಕೆಲಸಕ್ಕೆ ಹತ್ತಿರದ್ದು. “ಅಳಿಯಾ, ನಮ್ಮ ವ್ಯಾಪಾರಕ್ಕ ಒಂದು ಕ್ಲೌಡ್ ಸಾಫ್ಟ್‌ವೇರ್ ತಗೋಬೇಕಂತ ಮಾಡೀನಿ. ಯಾವುದು ಚಲೋ ಐತಿ ನೋಡಿ ಹೇಳು.”

ಒಂದು ವಾರದ ಕೆಲಸ ಅಂದುಕೊಂಡು ಒಪ್ಪಿದೆ, ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳಲ್ಲಿ ಸಾಫ್ಟ್‌ವೇರ್ ಬಗ್ಗೆ ತಿಳಿದದ್ದಕ್ಕಿಂತ ಲೆಕ್ಕ ಬರೆಯುವ ಮನುಷ್ಯರ ಬಗ್ಗೆ ತಿಳಿದದ್ದೇ ಜಾಸ್ತಿ. ನಿಮ್ಮ ಮನೆಗಳಲ್ಲೂ ಅಂಗಡಿ, ಮಿಲ್ಲು, ದಲಾಲಿ ನಡೆಸುವವರು ಇರುತ್ತಾರಲ್ಲ, ಅವರಿಗೆ ಉಪಯೋಗವಾಗಬಹುದು ಅಂತ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಮಾವನ ವ್ಯಾಪಾರದ ಬಗ್ಗೆ ಸ್ವಲ್ಪ. ಗಂಗಾವತಿಯಲ್ಲಿ ಅಕ್ಕಿ ಮಿಲ್ಲು. ತುಂಗಭದ್ರಾ ಎಡದಂಡೆ ಕಾಲುವೆ ನೀರು ಉಂಡ ನೆಲ, ಎಲ್ಲಿ ನೋಡಿದರೂ ಭತ್ತ. ಅಲ್ಲಿಂದ ಅಕ್ಕಿ ಹೋಗಿ ಬೀಳುವುದು ಕೊಪ್ಪಳದ ಗೋದಾಮಿಗೆ. ಬ್ಯಾಂಕು, ಟ್ಯಾಕ್ಸಿನವರು, ಹೋಲ್‌ಸೇಲ್ ಗಿರಾಕಿಗಳು ಎಲ್ಲ ಕೊಪ್ಪಳದಲ್ಲೇ. ನಾಲ್ಕು ವರ್ಷದ ಹಿಂದೆ ಕುಷ್ಟಗಿಯಲ್ಲಿ ಮೆಕ್ಕೆಜೋಳ ಖರೀದಿಗೆ ಒಂದು ಅಂಗಡಿ ಮಾಡಿದರು. ಆಮೇಲೆ ಯಲಬುರ್ಗಾದಲ್ಲಿ ಕಡಲೆ. ಅದು ಎರಿ ನೆಲ, ಮಳೆ ನಂಬಿದ ಬೇಸಾಯ. ಗಂಗಾವತಿಯ ಗದ್ದೆ ನೋಡಿ ಯಲಬುರ್ಗಾಕ್ಕೆ ಹೋದರೆ ಎರಡೂ ಒಂದೇ ಜಿಲ್ಲೆ ಅಂತ ನಂಬುವುದು ಕಷ್ಟ. ಬೆಳೆ ಬೇರೆ, ಸುಗ್ಗಿ ಬೇರೆ, ಚೀಲದ ತೂಕವೂ ಬೇರೆ.

ಲೆಕ್ಕ ಹೇಗಿತ್ತು ಅಂದರೆ, ಗಂಗಾವತಿ ಮಿಲ್ಲಿನ ಒಂದು ಕಂಪ್ಯೂಟರಿನಲ್ಲಿ ಟ್ಯಾಲಿ. ಕುಷ್ಟಗಿ, ಯಲಬುರ್ಗಾದಿಂದ ರಾತ್ರಿ ವಾಟ್ಸಾಪ್‌ನಲ್ಲಿ ಚೀಟಿಗಳ ಫೋಟೋ. ಕೊಪ್ಪಳ ಗೋದಾಮಿನಿಂದ ಫೋನು. ಇದನ್ನೆಲ್ಲ ಒಂದು ಕಡೆ ಕೂಡಿಸಿ ಬರೆಯುವವರು ನಮ್ಮ ಗುಮಾಸ್ತರು. ಹೆಸರು ಬೇಡ, ನಾವೆಲ್ಲ ಕಾಕಾ ಅಂತಲೇ ಕರೆಯುವುದು. ಇಪ್ಪತ್ತಾರು ವರ್ಷದಿಂದ ಅಲ್ಲೇ ಇದ್ದಾರೆ. ಟ್ಯಾಲಿಗೆ ಹಾಕುವ ಮೊದಲು ಇವತ್ತಿಗೂ ಕೆಂಪು ಬಟ್ಟೆಯ ರಟ್ಟಿನ ಕಿರ್ದಿಯಲ್ಲಿ ಕೈಯಿಂದ ಬರೆಯುತ್ತಾರೆ. ಯಾವ ರೈತನಿಗೆ ಎಷ್ಟು ಮುಂಗಡ ಕೊಟ್ಟಿದೆ, ಯಾವ ಅಂಗಡಿಯವನ ಉದ್ರಿ ದೀಪಾವಳಿ ದಾಟಿದೆ ಅನ್ನುವುದು ಕಿರ್ದಿಗಿಂತ ಮೊದಲು ಅವರ ತಲೆಯಲ್ಲಿರುತ್ತದೆ.

ಹಾಗಿದ್ದರೆ ಈಗೇಕೆ ಸಾಫ್ಟ್‌ವೇರು? ಕಾರಣ ಮೂರು. ಬ್ಯಾಂಕಿನ ಕ್ಯಾಶ್ ಕ್ರೆಡಿಟ್‌ಗೆ ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ನಾಲ್ಕು ಊರಿನ ದಾಸ್ತಾನು ಕೂಡಿಸುವಷ್ಟರಲ್ಲಿ ಮುಂದಿನ ತಿಂಗಳು ಅರ್ಧ ಮುಗಿದಿರುತ್ತಿತ್ತು. ಎರಡನೆಯದು ಜಿಎಸ್‌ಟಿ. 2017ರ ಜುಲೈ 1ರಂದು ಅದು ಬಂದಾಗ ಮಾವ ಅಷ್ಟೇನೂ ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ 2020ರ ಅಕ್ಟೋಬರಿನಲ್ಲಿ 500 ಕೋಟಿಯ ದೊಡ್ಡವರಿಂದ ಶುರುವಾದ ಇ-ಇನ್‌ವಾಯ್ಸ್ ಮೆಟ್ಟಿಲು ಮೆಟ್ಟಿಲಾಗಿ ಇಳಿದು, 2023ರ ಆಗಸ್ಟ್ 1ಕ್ಕೆ ವಹಿವಾಟು 5 ಕೋಟಿ ಮೀರಿದವರ ಬಾಗಿಲಿಗೂ ಬಂತು. ಮೂರನೆಯದು, ಪಾಲುದಾರಿಕೆ ಸಂಸ್ಥೆಯನ್ನು ಪ್ರೈವೇಟ್ ಲಿಮಿಟೆಡ್ ಮಾಡಿದ್ದು. ಇದರ ಪರಿಣಾಮ ಏನಾಯಿತು ಅಂತ ಕೊನೆಗೆ ಹೇಳುತ್ತೇನೆ, ಇಡೀ ಕತೆಯ ಗಂಟು ಇರುವುದೇ ಅಲ್ಲಿ.

ಕ್ಲೌಡ್ ಅಂದರೇನು ಅಂತ ಮಾವನಿಗೆ ವಿವರಿಸಿದೆ. ಲೆಕ್ಕ ಇರುವುದು ನಮ್ಮ ಕಂಪ್ಯೂಟರಿನಲ್ಲಲ್ಲ, ಬೇರೆಯವರ ದೊಡ್ಡ ಕಂಪ್ಯೂಟರಿನಲ್ಲಿ. ಇಂಟರ್ನೆಟ್ ಇದ್ದ ಕಡೆಯಿಂದೆಲ್ಲ ನೋಡಬಹುದು, ಬರೆಯಬಹುದು. ಯಂತ್ರ ಕೊಳ್ಳುವುದು ಬೇಡ, ತಿಂಗಳ ಇಲ್ಲವೇ ವರ್ಷದ ಬಾಡಿಗೆ ಕಟ್ಟಿದರಾಯಿತು. ಮಾವ ಎಲ್ಲ ಕೇಳಿ ಒಂದೇ ಮಾತು ಹೇಳಿದರು: “ಮೋಡ ನಂಬಿ ಬಿತ್ತಿದವರನ್ನ ಯಲಬುರ್ಗಾದಾಗ ಭಾಳ ನೋಡೀನಿ ಅಳಿಯಾ. ಮೋಡ ಬರತೈತಿ, ಮಳಿ ಬರಂಗಿಲ್ಲ.”

ನಗು ಬಂತು, ಆದರೆ ಮಾತಿನಲ್ಲಿ ಹುರುಳಿತ್ತು. ಅವರ ಪ್ರಶ್ನೆಗಳು ನಮ್ಮ ಆಫೀಸಿನ ಮೀಟಿಂಗುಗಳಲ್ಲಿ ಕೇಳುವ ಪ್ರಶ್ನೆಗಳಿಗಿಂತ ನೇರವಾಗಿದ್ದವು. ಬಾಡಿಗೆ ಕಟ್ಟುವುದು ನಿಲ್ಲಿಸಿದರೆ ನನ್ನ ಲೆಕ್ಕ ನನಗೆ ಸಿಗುತ್ತದಾ? ಕುಷ್ಟಗಿಯಲ್ಲಿ ನೆಟ್‌ವರ್ಕ್ ಹೋದ ಹೊತ್ತಿಗೆ ಟ್ರ್ಯಾಕ್ಟರ್ ಬಂದು ನಿಂತರೆ? ಆ ಕಂಪನಿಯೇ ಮುಚ್ಚಿಹೋದರೆ?

ಅಂದ ಹಾಗೆ, ಈ ಭಾಗದ ವ್ಯಾಪಾರಿಗಳಿಗೆ ಆನ್‌ಲೈನ್ ವ್ಯವಹಾರ ಪೂರ್ತಿ ಹೊಸದೇನಲ್ಲ. ಕರ್ನಾಟಕದ ಎಪಿಎಂಸಿಗಳಲ್ಲಿ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆ ಹಂತಹಂತವಾಗಿ ಬಂತು. ರೈತರ ಮಾಲಿಗೆ ಲಾಟ್ ನಂಬರು, ವ್ಯಾಪಾರಿಗಳಿಂದ ಆನ್‌ಲೈನ್ ಟೆಂಡರು. ಕೇಂದ್ರದ ಇ-ನಾಮ್ ಶುರುವಾಗಿದ್ದು ಅದಾದ ಮೇಲೆ, 2016ರ ಏಪ್ರಿಲ್‌ನಲ್ಲಿ. ಅಂದರೆ ನಮ್ಮ ಖರೀದಿದಾರರು ಆಗಲೇ ಪರದೆಯ ಮೇಲೆ ದರ ಹಾಕಿ ರೂಢಿ ಮಾಡಿಕೊಂಡವರು. ಮಾವನ ಅನುಮಾನ ತಂತ್ರಜ್ಞಾನದ ಮೇಲೆ ಇರಲಿಲ್ಲ, ಲೆಕ್ಕದ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅನ್ನುವುದರ ಮೇಲಿತ್ತು.

ನಾಲ್ಕು ಕಡೆಯವರನ್ನು ಕರೆಸಿ ಡೆಮೋ ನೋಡಿದೆವು. ಯಾರ್‍ಯಾರು ಅನ್ನುವುದು ಬೇಡ. ಎಲ್ಲರ ಪರದೆಯೂ ಝಗಝಗ. ಬಣ್ಣಬಣ್ಣದ ಗ್ರಾಫು, ಸುತ್ತುವ ಚಕ್ರ, ‘ಒಂದೇ ಕ್ಲಿಕ್ಕಿನಲ್ಲಿ ಇಡೀ ವ್ಯಾಪಾರ’. ಕಾಕಾ ಮೂಲೆಯಲ್ಲಿ ಸುಮ್ಮನೆ ಕೂತಿದ್ದರು. ಮೊದಲನೆಯವನು ಮುಗಿಸಿದ ಮೇಲೆ ಮೆಲ್ಲಗೆ ಕೇಳಿದರು, “ಚೀಲ ಎಪ್ಪತ್ತೈದು ಕೆಜಿದು ತಗೋತೈತೇನ್ರಿ ಇದು?”

ಹುಡುಗನಿಗೆ ಅರ್ಥವಾಗಲಿಲ್ಲ. ನಮ್ಮಲ್ಲಿ ಭತ್ತದ ದರ ಮಾತಾಡುವುದು 75 ಕೆಜಿ ಚೀಲಕ್ಕೆ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ. 2025-26ರ ಹಂಗಾಮಿಗೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲ್‌ಗೆ 2,369 ರೂಪಾಯಿ ಅಂತ ಘೋಷಿಸಿದ್ದರು. ಅದು ಚೀಲಕ್ಕೆ 1,776 ರೂಪಾಯಿ 75 ಪೈಸೆ. ಕಾಟಾ ತೋರಿಸುವುದು ಕೆಜಿಯಲ್ಲಿ, ಹಮಾಲರ ಲೆಕ್ಕ ಚೀಲದಲ್ಲಿ. ಒಂದೇ ಲೋಡಿಗೆ ಮೂರು ಅಳತೆ. ಇಂಥ ಕಡೆ ‘ಮಾಡಿಕೊಡ್ತೀವಿ ಸರ್’ ಅಂದರೆ ಸಾಲದು, ನಮ್ಮ ಮುಂದೆಯೇ ಮಾಡಿ ತೋರಿಸಬೇಕು ಅಂತ ಆಗ ಹೊಳೆಯಿತು.

ಎರಡನೆಯ ತೊಡಕು ಮಿಲ್ಲಿನದು. ಹೆಚ್ಚಿನ ಇಆರ್‌ಪಿಗಳು ತಯಾರಿಕೆ ಅಂದರೆ ನಾಲ್ಕು ಬಿಡಿಭಾಗ ಸೇರಿಸಿ ಒಂದು ವಸ್ತು ಮಾಡುವುದು ಅಂದುಕೊಂಡಿರುತ್ತವೆ. ಸೈಕಲ್ ಜೋಡಿಸಿದ ಹಾಗೆ. ಅಕ್ಕಿ ಮಿಲ್ಲು ಇದಕ್ಕೆ ಪೂರ್ತಿ ಉಲ್ಟಾ. ಒಂದು ಭತ್ತ ಒಳಗೆ ಹೋಗಿ ಅಕ್ಕಿ, ನುಚ್ಚು, ತೌಡು, ಹೊಟ್ಟು ಅಂತ ನಾಲ್ಕಾಗಿ ಹೊರಗೆ ಬರುತ್ತದೆ. ನಾಲ್ಕಕ್ಕೂ ಬೇರೆ ದರ, ಬೇರೆ ಗಿರಾಕಿ. ಸರ್ಕಾರ ತನ್ನ ಭತ್ತವನ್ನು ಮಿಲ್ಲಿಗೆ ಕೊಟ್ಟು ಅಕ್ಕಿ ಮಾಡಿಸುವಾಗ ಕ್ವಿಂಟಲ್‌ಗೆ 67 ಕೆಜಿ ಅಕ್ಕಿ, ಕುಚ್ಚಲಕ್ಕಿಯಾದರೆ 68 ಕೆಜಿ ಅಂತ ಲೆಕ್ಕ ಹಿಡಿಯುತ್ತದೆ. ಆದರೆ ರೈತರಿಂದ ನೇರ ಕೊಂಡ ಭತ್ತದಲ್ಲಿ ಹಸಿ ಎಷ್ಟಿದೆ, ತಳಿ ಯಾವುದು, ಒಣಗಿಸಿದ್ದು ಹೇಗೆ ಅನ್ನುವುದರ ಮೇಲೆ ಇದು ಪ್ರತಿ ಲೋಡಿಗೂ ಬದಲಾಗುತ್ತದೆ. ಸಾಫ್ಟ್‌ವೇರು ‘ಇಷ್ಟೇ ಬರಬೇಕು’ ಅಂತ ಹಟ ಹಿಡಿದರೆ ಸುಳ್ಳು ಲೆಕ್ಕ ಬರೆಯಲೇಬೇಕಾಗುತ್ತದೆ.

ಮೂರನೆಯದು ಇನ್ನೂ ಮಜವಾಗಿದೆ. 2022ರ ಜುಲೈ 18ರಿಂದ ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಅಕ್ಕಿ ಚೀಲಕ್ಕೆ ಶೇಕಡಾ 5 ಜಿಎಸ್‌ಟಿ ಬಂತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಕೆಲವೇ ದಿನಗಳಲ್ಲಿ ಮಾರುಕಟ್ಟೆಗೆ 26 ಕೆಜಿ ಚೀಲ ಇಳಿಯಿತು! ನೀವೂ ಅಂಗಡಿಯಲ್ಲಿ ನೋಡಿರುತ್ತೀರಿ. ಅಂದರೆ ಒಂದೇ ಅಕ್ಕಿ, ಒಂದೇ ಲಾರಿ. ಹತ್ತು ಕೆಜಿ ಚೀಲಕ್ಕೆ ತೆರಿಗೆಯ ಬಿಲ್ಲು, 26 ಕೆಜಿ ಚೀಲಕ್ಕೆ ತೆರಿಗೆಯಿಲ್ಲದ ಬೇರೆ ಬಗೆಯ ಬಿಲ್ಲು. ಡೆಮೋದಲ್ಲಿ ಈ ಲಾರಿಯ ಬಿಲ್ಲು ಮಾಡಿ ಅಂದಾಗ ನಾಲ್ವರಲ್ಲಿ ಇಬ್ಬರು ಬೆವರು ಒರೆಸಿಕೊಂಡರು.

ಆಮೇಲೆ ನಾವೇ ಒಂದು ಪದ್ಧತಿ ಮಾಡಿಕೊಂಡೆವು. ಫೀಚರುಗಳ ಪಟ್ಟಿ ಬದಿಗಿಟ್ಟೆವು. ಕಾಕಾನ ಕಿರ್ದಿಯಿಂದ ಕಳೆದ ಡಿಸೆಂಬರಿನ ಒಂದು ದಿನ ಆರಿಸಿದೆವು. ಸುಗ್ಗಿಯ ನಡು, ಅತಿ ಗದ್ದಲದ ದಿನ. ಆ ದಿನದ ಅಷ್ಟೂ ಚೀಟಿ, ಲಾರಿ, ಮುಂಗಡ, ಹಮಾಲಿ, ಬಿಲ್ಲುಗಳನ್ನು ಪ್ರತಿ ಸಾಫ್ಟ್‌ವೇರಿನಲ್ಲೂ ಹಾಕಬೇಕು. ಹಾಕುವವನು ನಾನಲ್ಲ, ಮಾರಲು ಬಂದವನೂ ಅಲ್ಲ. ಗಂಗಾವತಿಯಲ್ಲಿ ಕಾಕಾ, ಕುಷ್ಟಗಿಯಲ್ಲಿ ಪಿಯುಸಿ ಓದಿದ ಹುಡುಗ, ಅದೂ ತನ್ನ ಫೋನಿನಲ್ಲಿ.

ಇದನ್ನು ಮಾತ್ರ ಎಲ್ಲರಿಗೂ ಒತ್ತಿ ಹೇಳುತ್ತೇನೆ. ಡೆಮೋ ನೋಡುವವರು ಮಾಲೀಕರು, ಸಾಫ್ಟ್‌ವೇರು ಮಾಡಿರುವುದೂ ಅವರು ಮೆಚ್ಚಲಿ ಅಂತಲೇ. ಆದರೆ ಟ್ರ್ಯಾಕ್ಟರ್ ಬಂದಾಗ ಮೊದಲ ಅಂಕಿ ಬರೆಯುವ ಕೈ ಬೇರೆಯದು. ಆ ಕೈಗೆ ಒಗ್ಗದಿದ್ದರೆ ಮೇಲಿನ ಗ್ರಾಫೆಲ್ಲ ಗಾಳಿಗೋಪುರ. ಕುಷ್ಟಗಿಯ ಹುಡುಗ ಒಂದು ಸಾಫ್ಟ್‌ವೇರಿನಲ್ಲಿ ಒಂದು ಖರೀದಿ ಹಾಕಲು ಹದಿನಾಲ್ಕು ಖಾನೆ ತುಂಬಬೇಕಾಯಿತು. “ಅಣ್ಣಾ, ಇದನ್ನ ತುಂಬೂದರಾಗ ರೈತ ಇನ್ನೊಂದು ಅಂಗಡಿಗೆ ಹೊಕ್ಕಾನ” ಅಂದ. ಅದು ಅಲ್ಲೇ ಬಿತ್ತು.

ನೆಟ್‌ವರ್ಕ್ ಸಮಸ್ಯೆಗೆ ಯಾರ ಹತ್ತಿರವೂ ಒಳ್ಳೆಯ ಉತ್ತರ ಇರಲಿಲ್ಲ. ಉತ್ತರ ಕಾಕಾನೇ ಕೊಟ್ಟರು. ನಂಬರ್ ಹಾಕಿದ ಚೀಟಿ ಪುಸ್ತಕ ಇರಲಿ, ಕರೆಂಟು ಹೋದಾಗ ಅದರಲ್ಲಿ ಬರೆಯೋಣ, ಬಂದ ಮೇಲೆ ಅದೇ ನಂಬರಿನಿಂದ ಒಳಗೆ ಹಾಕೋಣ. ನಂಬರು ಹಾರಿದರೆ ಚೀಟಿ ಕಳೆದಿದೆ ಅಂತ ಅರ್ಥ. ನಮ್ಮ ಆಫೀಸಿನಲ್ಲಿ ಇಂಥದ್ದಕ್ಕೆ ದೊಡ್ಡ ಹೆಸರಿಟ್ಟು ಎರಡು ತಿಂಗಳು ಡಿಸೈನ್ ಮಾಡುತ್ತಿದ್ದೆವು :-)

ಇಷ್ಟರಲ್ಲಿ ಕಾಕಾ ಉತ್ಸಾಹದಿಂದ ಇದ್ದಾರೆ ಅಂತ ನಾನು ಅಂದುಕೊಂಡಿದ್ದೆ. ಒಂದು ಭಾನುವಾರ ಸಂಜೆ ಮಿಲ್ಲಿನ ಕಟ್ಟೆಯ ಮೇಲೆ ಕೂತಾಗ ಅವರೇ ಬಾಯಿಬಿಟ್ಟರು.

“ತಮ್ಮಾ, ಒಂದು ಮಾತು ಕೇಳತೀನಿ. ನನ್ನ ತಲಿಯೊಳಗ ಇದ್ದದ್ದೆಲ್ಲ ಆ ಮೋಡದಾಗ ಹೋತಂದ್ರ, ಆಮ್ಯಾಲ ಸಾವ್ಕಾರ್ರಿಗೆ ನಾ ಯಾಕ ಬೇಕು?”

ಏನು ಹೇಳಲಿ? ನಾನು ಕೆಲಸ ಮಾಡುವ ಜಾಗದಲ್ಲಿ ಇದೇ ಪ್ರಶ್ನೆಯನ್ನು ನಾವೆಲ್ಲ ನಮಗೇ ಕೇಳಿಕೊಳ್ಳುತ್ತಿದ್ದೇವೆ ಈಗ. ಸುಳ್ಳು ಸಮಾಧಾನ ಹೇಳಲು ಮನಸ್ಸಾಗಲಿಲ್ಲ. ಕಿರ್ದಿ ನಕಲು ಮಾಡುವ ಕೆಲಸ ಹೋಗುತ್ತದೆ ಕಾಕಾ, ಅದು ಖರೆ, ಅಂದೆ. ಅವರು ತಲೆ ಆಡಿಸಿದರು. ಆಮೇಲೆ ಒಂದು ಹಳೆಯ ಸಂಗತಿ ಹೇಳಿದರು.

ಸುಮಾರು ಹದಿನೈದು ವರ್ಷದ ಹಿಂದೆ ಲೆಕ್ಕದಲ್ಲಿ ನಲವತ್ತು ಚೀಲ ಅಕ್ಕಿ ಕಡಿಮೆ ಬಂತು. ಬರೆದವರು ಕಾಕಾ, ಹಾಗಾಗಿ ಬೆರಳು ಅವರ ಕಡೆಗೇ. ಮೂರು ತಿಂಗಳು ಪಗಾರದಲ್ಲಿ ಹಿಡಿದರು. ಆಮೇಲೆ ಗೊತ್ತಾಯಿತು, ಕೊಪ್ಪಳದ ಗೋದಾಮಿಗೆ ಹೋದ ಒಂದು ಲಾರಿಯ ಚೀಟಿ ಯಾರದೋ ಅಂಗಿಯ ಕಿಸೆಯಲ್ಲೇ ಉಳಿದಿತ್ತು. “ರೊಕ್ಕ ವಾಪಸ್ ಬಂತು ತಮ್ಮಾ. ಆಡಿದ ಮಾತು ವಾಪಸ್ ಬರಲಿಲ್ಲ” ಅಂದರು. ಅಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ.

ಈಗ ಆ ಪ್ರೈವೇಟ್ ಲಿಮಿಟೆಡ್ ಗಂಟಿಗೆ ಬರುತ್ತೇನೆ. ಕಂಪನಿ ಕಾಯ್ದೆಯಡಿ ನೋಂದಾಯಿಸಿದ ಸಂಸ್ಥೆ ಲೆಕ್ಕಕ್ಕೆ ಸಾಫ್ಟ್‌ವೇರ್ ಬಳಸುವುದಾದರೆ, 2023ರ ಏಪ್ರಿಲ್ 1ರಿಂದ ಅದರಲ್ಲಿ ಆಡಿಟ್ ಟ್ರೇಲ್ ಇರಲೇಬೇಕು. ಯಾವ ಅಂಕಿಯನ್ನು ಯಾವಾಗ ಬದಲಿಸಿದರು ಅನ್ನುವುದು ದಾಖಲಾಗಬೇಕು, ಅದನ್ನು ಬಂದ್ ಮಾಡುವ ದಾರಿ ಇರಬಾರದು. ಲೆಕ್ಕದ ಬ್ಯಾಕಪ್ಪನ್ನು ದಿನವೂ ಭಾರತದೊಳಗಿನ ಸರ್ವರಿನಲ್ಲಿ ಇಡಬೇಕು ಅನ್ನುವ ನಿಯಮ 2022ರಲ್ಲೇ ಬಂದಿತ್ತು. ಹಾಗಾಗಿ ಆಯ್ಕೆಯ ಪಟ್ಟಿಯಲ್ಲಿ ನಾನು ಇವೆರಡನ್ನೂ ಬರೆದಿಟ್ಟಿದ್ದೆ. ಓದುತ್ತಾ ಬಂದ ಮಾವ ಅಲ್ಲಿ ನಿಂತರು.

“ನಾ ತಿದ್ದಿದ್ದೂ ಕಾಣತೈತೇನು?”

“ಕಾಣತೈತಿ ಮಾವಾ.”

“ನಾ ಮಾಲೀಕ ಅದೀನಲ್ಲೋ.”

“ಮಾಲೀಕರದೂ ಕಾಣತೈತಿ.”

ಎರಡು ದಿನ ಮಾವ ಆ ವಿಷಯ ಎತ್ತಲಿಲ್ಲ. ಇಷ್ಟು ವರ್ಷ ಗಲ್ಲೆಯ ಹತ್ತಿರ ಕೂತು ‘ನಿನ್ನಿದು ಅದನ್ನ ಹಿಂಗ ಮಾಡ್ರಿ’ ಅಂದರೆ ಕಾಕಾ ಮಾಡುತ್ತಿದ್ದರು. ಹೆಚ್ಚು ಕಡಿಮೆಯಾದರೆ ಬರೆದ ಕೈಯದೇ ತಪ್ಪು. ಸಾಫ್ಟ್‌ವೇರ್ ಬಂದರೆ ಹೇಳಿದವರ ಹೆಸರೂ ಬರುತ್ತದೆ, ತಿದ್ದಿದವರ ಹೆಸರೂ ಬರುತ್ತದೆ. ಕಾನೂನು ಇದೆ ನಿಜ, ಆದರೆ ಮನಸ್ಸು ಒಪ್ಪಬೇಕಲ್ಲ. ಮೂರನೆಯ ದಿನ ಫೋನು. “ನಾಳೆ ನನ್ನ ಮಗ, ನನ್ನ ತಮ್ಮನ ಮಗ ಇಬ್ಬರೂ ಗಲ್ಲೆ ಮ್ಯಾಲ ಕೂಡ್ರತಾರ. ಯಾರು ಏನು ಬರದ್ರು ಅಂತ ಅವರೊಳಗ ಜಗಳ ಬರಬಾರದು. ತಗೋಳ್ಳೋಣ.”

ಕೊನೆಗೆ ಯಾವುದನ್ನು ತಗೊಂಡಿರಿ ಅಂತ ನೀವು ಕೇಳೇ ಕೇಳುತ್ತೀರಿ. ಖರೀದಿ, ದಾಸ್ತಾನು, ಮಿಲ್ಲಿನ ಲೆಕ್ಕಕ್ಕೆ ಇಆರ್‌ಪಿ-ನೆಕ್ಸ್ಟ್. ಮುಂಬೈನ ಫ್ರಾಪೆಯವರು ಕಟ್ಟಿದ ಮುಕ್ತ ತಂತ್ರಾಂಶ. ತಂತ್ರಾಂಶಕ್ಕೆ ತಲೆಗಿಷ್ಟು ಅಂತ ದುಡ್ಡಿಲ್ಲ, ಅದನ್ನು ಇಟ್ಟು ನಡೆಸುವವರಿಗೆ ಬಾಡಿಗೆ. ಸುಗ್ಗಿಯಲ್ಲಿ ಹೆಚ್ಚಿನ ಹುಡುಗರು ಬಂದು, ಸುಗ್ಗಿ ಮುಗಿದ ಮೇಲೆ ಹೋಗುವ ನಮ್ಮಂಥ ವ್ಯಾಪಾರಕ್ಕೆ ಇದು ದೊಡ್ಡ ವಿಷಯ. ಬಾಡಿಗೆಯವರು ಮುಚ್ಚಿದರೆ ಅದೇ ತಂತ್ರಾಂಶವನ್ನು ಇನ್ನೊಂದು ಕಡೆ ಏರಿಸಿ ನಮ್ಮ ಲೆಕ್ಕ ತುಂಬಿಕೊಳ್ಳಬಹುದು. ಮಾವನ ‘ಬೀಗದ ಕೈ’ ಪ್ರಶ್ನೆಗೆ ಸಿಕ್ಕ ಅತ್ಯಂತ ಗಟ್ಟಿ ಉತ್ತರ ಇದೇ. ಟ್ಯಾಲಿಯನ್ನು ಕಿತ್ತುಹಾಕಲಿಲ್ಲ. ಕೊಪ್ಪಳದ ಟ್ಯಾಕ್ಸಿನವರಿಗೆ ಅದು ಅಂಗೈ ಗೆರೆ. ಕನಿಷ್ಠ ಒಂದು ವರ್ಷ ಪಕ್ಕಾ ಲೆಕ್ಕ, ರಿಟರ್ನು ಅಲ್ಲೇ ಇರಲಿ ಅಂತ ತೀರ್ಮಾನ. ಎಲ್ಲರಿಗೂ ಇದೇ ಸರಿ ಅಂತ ನಾನು ಹೇಳುವುದಿಲ್ಲ. ಒಂದೇ ಊರು, ಒಂದೇ ಅಂಗಡಿ ಆಗಿದ್ದರೆ ಟ್ಯಾಲಿಯೊಂದೇ ಸಾಕಾಗುತ್ತಿತ್ತು. ನೋಡಿಕೊಳ್ಳಲು ನನ್ನಂಥ ಅಳಿಯ ಇಲ್ಲದಿದ್ದರೆ ಜೋಹೋದಂಥ ಸಿದ್ಧ ಸೇವೆ ಒಳ್ಳೆಯದಾಗುತ್ತಿತ್ತೇನೋ.

ಆ ಸಾಫ್ಟ್‌ವೇರಿನಲ್ಲಿ ಕಾಕಾನಿಗೆ ಹಿಡಿಸಿದ್ದು ಒಂದು ವಿಷಯ. ಒಮ್ಮೆ ಸಬ್‌ಮಿಟ್ ಮಾಡಿದ ಚೀಟಿಯನ್ನು ಅಲ್ಲೇ ಅಳಿಸಿ ತಿದ್ದಲು ಬರುವುದಿಲ್ಲ. ರದ್ದು ಮಾಡಿ ಹೊಸದು ಬರೆಯಬೇಕು, ಹಳೆಯದು ರದ್ದಾಗಿದ್ದು ಅಂತ ಕಣ್ಣಿಗೆ ಕಾಣುತ್ತಲೇ ಇರುತ್ತದೆ. ತೋರಿಸಿದಾಗ ಕಾಕಾ ಕನ್ನಡಕ ಸರಿ ಮಾಡಿಕೊಂಡರು. “ಇದರಾಗ ಹೊಸಾದೇನೈತಿ? ಕಿರ್ದಿಯೊಳಗೂ ಕೆರದು ಬರೀಬಾರದು. ಗೆರಿ ಎಳದು ಪಕ್ಕದಾಗ ಬರೀಬೇಕು. ನಮ್ಮ ಮಾಸ್ತರು ಕಲಿಸಿದ್ದ ಇದು.”

ಅಲ್ಲಿಂದ ಮುಂದೆ ಕೆಲಸ ಸಲೀಸಾಯಿತು. ಕಾಕಾ ಈಗ ನಾಲ್ಕೂ ಊರಿನ ಚೀಟಿ ಹೊಂದಿಸಿ ನೋಡುವವರು. ನಕಲು ಮಾಡುವ ಹೊತ್ತು ಉಳಿದಿದ್ದರಿಂದ ಉದ್ರಿ ವಸೂಲಿಯ ಪಟ್ಟಿ ಅವರ ಕೈಗೆ ಬಂದಿದೆ. ಮೊದಲ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ತಿಂಗಳ ಎರಡನೇ ತಾರೀಖಿಗೆ ಬ್ಯಾಂಕಿಗೆ ಹೋಯಿತು. ಕೆಂಪು ಕಿರ್ದಿಯೂ ನಡೆದಿದೆ, ಬಿಡಿ ಅಂತ ಯಾರೂ ಹೇಳಿಲ್ಲ. ಅವರು ಇಲ್ಲದ ದಿನ ಬಂದರೆ ಮಿಲ್ಲಿಗೆ ಗುಮಾಸ್ತ ಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಉತ್ತರವಿಲ್ಲ.

ಈಗ ಉಳಿದಿರುವ ಕೆಲಸ ಕನ್ನಡದ್ದು. ಪರದೆಯ ಮೇಲಿನ ಪದಗಳನ್ನು ನಾವೇ ಬದಲಿಸಿಕೊಳ್ಳಬಹುದು, ಹಾಗಾಗಿ ಆ ಜವಾಬ್ದಾರಿ ಕಾಕಾನಿಗೆ ವಹಿಸಿದೆ. ಪರ್ಚೇಸ್ ರಿಸೀಟ್ ಹೋಗಿ ‘ಮಾಲು ಬಂದದ್ದು’ ಆಯಿತು. ಅಡ್ವಾನ್ಸು ‘ಮುಂಗಡ’. ಔಟ್‌ಸ್ಟ್ಯಾಂಡಿಂಗು ‘ಬರಬೇಕಾದ್ದು’. ವೇರ್‌ಹೌಸು ‘ಗೋದಾಮು’. ಕುಷ್ಟಗಿಯ ಹುಡುಗ ಈಗ ಫೋನ್ ಮಾಡಿ ಕೇಳುವುದು ಕಡಿಮೆಯಾಗಿದೆ. ಆದರೆ ‘ಸಬ್‌ಮಿಟ್’ ಅನ್ನುವುದಕ್ಕೆ ಮಾತ್ರ ಇನ್ನೂ ಜಗಳ. ನಾನು ‘ಸಲ್ಲಿಸು’ ಅಂದೆ. ಯಾರಿಗೆ ಸಲ್ಲಿಸೋದು, ಇದೇನು ಅರ್ಜಿಯೇ ಅಂತ ಕಾಕಾ ಒಪ್ಪುತ್ತಿಲ್ಲ. ಮುಂದೆ ತಿದ್ದಲು ಬರುವುದಿಲ್ಲ ಅನ್ನುವ ಗಾಂಭೀರ್ಯ ಆ ಗುಂಡಿಯಲ್ಲಿ ಇರಬೇಕಂತೆ. ಸದ್ಯಕ್ಕೆ ‘ಪಕ್ಕಾ ಮಾಡು’ ಅಂತ ಇಟ್ಟಿದ್ದೇವೆ. ನಿಮ್ಮೂರಿನ ಅಂಗಡಿಗಳಲ್ಲಿ ಇದಕ್ಕೆ ಇನ್ನೂ ಒಳ್ಳೆಯ ಮಾತೇನಾದರೂ ಇದ್ದರೆ ಹೇಳಿ, ಕಾಕಾನಿಗೆ ಮುಟ್ಟಿಸುತ್ತೇನೆ.